ಎಲ್ಲಿ ಮಡಗಲಿ

ಪಾಂಡವಪುರದ ಶಾಖಾ ಗ್ರಂಥಾಲಯದಲ್ಲಿ
ಎರಡೇ ಬೋರ್ಡು: ಮಕ್ಕಳಿಗೆ, ವಯಸ್ಕರಿಗೆ.
ನಡುವೆ ಒಂದು ಕಂಬ.
ಕಂಬಕ್ಕೆ ಆತುಕೊಂಡು ನಿಲ್ಲುತ್ತವೆ
ಹದಿಮೂರು ತುಂಬಿ ಹದಿನೆಂಟು ಮುಟ್ಟದವು,
ಒಂಟಿ ಕಾಲಲ್ಲಿ, ತೊಣ್ಣೂರು ಕೆರೆಯ ಕೊಕ್ಕರೆಗಳ ಹಾಗೆ.

ಆ ಪುಸ್ತಕ ಬಂದದ್ದು ಆಷಾಢದ ಬಂಡಲಿನಲ್ಲಿ.
ಮೊಹರು ಹೊಡೆದೆ, ದಾಖಲೆ ಸಂಖ್ಯೆ ಕೊಟ್ಟೆ,
ಮಕ್ಕಳ ಕಡೆ ಇಟ್ಟೆ. ಮುಖಪುಟದಲ್ಲಿ ಸೈಕಲ್ಲಿತ್ತು.
ಸೈಕಲ್ಲು ನೋಡಿ ವರ್ಗ ಮಾಡಿದ್ದು ನನ್ನದೇ ತಪ್ಪು.
ಹದಿನಾಲ್ಕರ ಹುಡುಗಿಯೊಬ್ಬಳು ಅದರಲ್ಲಿ
ಚಿಕ್ಕಪ್ಪ ಮಾಡಿದ್ದನ್ನು ಹೇಳುತ್ತಾಳೆ,
ಉಪಮೆ ಇಲ್ಲದೆ.

ಸಣ್ಣೇಗೌಡ ಮೇಷ್ಟ್ರ ದೂರು: ಎರಡು ಹಾಳೆ, ದುಂಡಕ್ಷರ.
ಪುಟ ನಲವತ್ಮೂರು, ಅರವತ್ತೊಂದು, ಎಂಬತ್ತೆಂಟು,
ಕೆಂಪು ಶಾಯಿಯಲ್ಲಿ ಗೀಟು ಹಾಕಿ ತಂದಿದ್ದರು.
"ಹಸಿ ಗೋಡೇಲಿ ಹರಳು ಹೊಡ್ದಂಗೆ ಕಣಮ್ಮ, ನಾಟ್ಬುಡ್ತದೆ.
ಎಸೀಬೇಡ, ಸುಡಬೇಡ, ನಾನೂ ಪಾಠ ಹೇಳ್ದೋನು.
ಕೈಗೆ ಸಿಗದಂಗೆ ಎಲ್ಲಾದ್ರೂ ಮಡಗು."
ಕಣ್ಣಲ್ಲಿ ನೀರಿತ್ತು. ಯಾಕೆಂದು ನಾನು ಕೇಳಲಿಲ್ಲ.
ಅಂದಿನಿಂದ ಆ ಪುಸ್ತಕ ತಾನಾಗಿ ಬಿಚ್ಚಿಕೊಳ್ಳುವುದು
ಅರವತ್ತೊಂದಕ್ಕೇ.

ತಿಂಗಳು ಬಿಟ್ಟು ಮಂಡ್ಯದಿಂದ ಉತ್ತರ:
"ಸೂಕ್ತ ವರ್ಗಕ್ಕೆ ಸೇರಿಸಿ ವರದಿ ಮಾಡತಕ್ಕದ್ದು."
ಸೂಕ್ತ ಅನ್ನುವುದಕ್ಕೆ ದಶಾಂಶ ಪದ್ಧತಿಯಲ್ಲಿ ಅಂಕಿ ಇಲ್ಲ.
ಆರುನೂರ ಹನ್ನೆರಡು ಅಂದರೆ ದೇಹ;
ಅಲ್ಲಿ ಮೂತ್ರಕೋಶದ ಚಿತ್ರವಿದೆ, ಭಯದ್ದಿಲ್ಲ.
ಮುನ್ನೂರ ಅರವತ್ತೆರಡು ಸಮಾಜದ ಕಷ್ಟ,
ಮಾಸಾಶನದ ಪಕ್ಕ, ಹೆಂಡದ ಚಟದ ಪಕ್ಕ.
ಕಾದಂಬರಿ ಅಂದರೆ ಕಟ್ಟುಕತೆ ಅಂದಂತಾಯಿತು;
ಅವಳು ಅಷ್ಟು ಉಸಿರುಗಟ್ಟಿ ಹೇಳಿದ್ದನ್ನು
ಇನ್ನೊಂದು ಸಲ ಸುಳ್ಳು ಅಂದ ಹಾಗೆ.

ವಾರವಿಡೀ ನನ್ನ ಡ್ರಾಯರಿನಲ್ಲಿತ್ತು, ಊಟದ ಡಬ್ಬಿ ಜೊತೆ.
ಸಾರಿನ ಜಿಡ್ಡು ರಟ್ಟಿಗೆ ಹತ್ತಿತು.
ಬೀಗದ ಬೀರುವಿನಲ್ಲಿಟ್ಟರೆ ಕೇಳಿ ಪಡೆಯಬೇಕು.
ಬಾಯಿಬಿಡಲಾಗದ್ದನ್ನು ಕುರಿತ ಪುಸ್ತಕವನ್ನು
ಯಾವ ಹುಡುಗಿ ಹೆಸರು ಹೇಳಿ ಕೇಳುತ್ತಾಳೆ,
ಪೇಪರು ಓದುವ ಹನ್ನೊಂದು ಗಂಡಸರ ಮುಂದೆ?

ಕೊನೆಗೊಂದು ಕಳ್ಳ ಕೆಲಸ ಮಾಡಿದೆ.
ಪೊಲೀಸ್ ಪರೀಕ್ಷೆಯ ಗೈಡುಗಳ ನಡುವೆ
ನಿಲ್ಲಿಸಿಬಿಟ್ಟೆ.
ಅಲ್ಲಿ ನಿಂತ ಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ,
ಅಪ್ಪಂದಿರಂತೂ ಹೆಮ್ಮೆಯಿಂದ ಕೆಮ್ಮುತ್ತಾರೆ.

ಎರವಲು ಚೀಟಿಯಲ್ಲಿ ಒಂದು ತಾರೀಕೂ ಬೀಳಲಿಲ್ಲ.
ಆದರೆ ಬೆನ್ನು ಮೆತ್ತಗಾಯಿತು. ಒಳಗೆ ಸಿಕ್ಕವು
ಬಸ್ ಪಾಸಿನ ತುಂಡು, ಕೂದಲಿನ ಕ್ಲಿಪ್ಪು,
ಅರವತ್ತೊಂದರ ಕೆಂಪು ಗೀಟಿನ ಪಕ್ಕ
ಅಳಿಸಲು ಬರುವಷ್ಟು ತೆಳ್ಳಗೆ, ಪೆನ್ಸಿಲಿನಲ್ಲಿ:
ಹೌದು.

ದಸರೆ ರಜೆ ಮುಗಿದ ಬುಧವಾರ,
ಕಾರ್ಖಾನೆ ಕಡೆಯಿಂದ ಕಾಕಂಬಿ ನಾತ ಬೀಸುವ ಹೊತ್ತು,
ಒಬ್ಬಳು ಬಂದಳು. ಹೆಸರು ಇಲ್ಲಿ ಬರೆಯುವುದಿಲ್ಲ.
"ಮಿಸ್, ಆ ಸೈಕಲ್ ಪುಸ್ತಕ... ಅದ್ರ ಪಕ್ಕದ್ದು ಯಾವ್ದು?"
"ಪಕ್ಕದ್ದು?"
"ಅಂತದೇ ಇನ್ನೊಂದು. ಅಲ್ಲಿ ಅತ್ಲಾಗೆ ಗಣಿತ,
ಇತ್ಲಾಗೆ ಸಂವಿಧಾನ."

ಇಪ್ಪತ್ತೆರಡು ವರ್ಷ ಬೆನ್ನಿಗೆ ಚೀಟಿ ಅಂಟಿಸಿದವಳು
ಮರೆತೇಬಿಟ್ಟಿದ್ದೆ: ಅಂಕಿ ಹಾಕುವುದು
ನೆಂಟರು ಯಾರೆಂದು ಹೇಳುವುದಕ್ಕೆ.
ಜೋಪಾನ ಮಾಡುತ್ತೇನೆಂದು ಒಬ್ಬಂಟಿ ಮಾಡಿದ್ದೆ.
ಪುಟ ಎಂಬತ್ತೆಂಟರಲ್ಲಿ
ಅವಳ ಮನೆಯವರು ಮಾಡುವುದೂ ಅದನ್ನೇ.

ಕಿಟಕಿ ಪಕ್ಕದ ಹಲಗೆಯಿಂದ ಗೆಜೆಟಿಯರು ಇಳಿಸಿದೆ,
ಗೆದ್ದಲು ಒರೆಸಿದೆ, ಅದನ್ನಿಟ್ಟೆ.
ಹುಡುಕಿದರೆ ಇನ್ನೂ ನಾಲ್ಕು ಸಿಕ್ಕವು:
ಡಾಕ್ಟರೊಬ್ಬರದು, ಕಾಯಿದೆಯದೊಂದು, ಎರಡು ಕತೆ.
ಬೋರ್ಡಿಗೇನು ಬರೆಯಲಿ, ಸುಣ್ಣದ ಕಡ್ಡಿ ಹಿಡಿದು ನಿಂತೆ.
ಬರೆದದ್ದು: ಕಂಬದ ಹತ್ತಿರದವರಿಗೆ.

ವರದಿ ಇನ್ನೂ ಕಳಿಸಿಲ್ಲ.
ಮೇಷ್ಟ್ರು ನಿನ್ನೆ ಬಂದರು, ಬೋರ್ಡು ಓದಿದರು,
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
ಏನೂ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು
ಆ ಹಲಗೆಗೆ ಬೆನ್ನು ಮಾಡಿ,
ಹನ್ನೊಂದು ಗಂಡಸರ ಕಡೆ ಮುಖ ಮಾಡಿ,
ಪೇಪರನ್ನು ಪೂರ್ತಿ ಅಗಲಿಸಿ ಹಿಡಿದು ಕೂತರು.